ಮನೆಯ ಮಗ್ಗುಲಿನ ಬಳ್ಳಾರಿ ಜಾಲಿ

ಹಿತ್ತಿಲ ಬೇಲಿಗಳಲ್ಲಿಯೂ ಪಾಳುಬಿದ್ದ ನಿವೇಶನಗಳಲ್ಲಿಯೂ ಬೆಳೆದು ನಿಂತ ಬಳ್ಳಾರಿ ಜಾಲಿಯನ್ನು ಜಾಗದ ಒಡೆಯರೇ ತೆಗೆಯಿಸತಕ್ಕದ್ದೆಂದು ಸ್ಥಳೀಯ ಸಂಸ್ಥೆಗಳು ನಿಯಮ ಮಾಡಬೇಕೆಂಬದು ನಮ್ಮ ಬಯಲುಸೀಮೆಯಲ್ಲಿ ಕೇಳಿಬರುವ ಮಾತು. ಮಾತು ನ್ಯಾಯವಾದದ್ದೇ. ಹಾವು ಹಂದಿಗಳಿಗೆ ಆಸರೆಯಾಗುವ ಆ ಪೊದೆಯೂ, ನೆಟ್ಟರೆ ಕೀವಾಗಿ ಕೂಡುವ ಆ ಮುಳ್ಳೂ ಮಕ್ಕಳಾಡುವ ಅಂಗಳದ ಪಕ್ಕದಲ್ಲಿ ಇರತಕ್ಕವಲ್ಲ. ಆದರೆ ಗಿಡದ ಜಾತಕವನ್ನು ನೋಡದೆ ನಿಯಮ ಬರೆಯಹೊರಡುವದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ.

ಬಳ್ಳಾರಿಯವರು ಏನು ಪಾಪ ಮಾಡಿದ್ದರೋ, ಹೆಸರು ಅವರಿಗೆ ಅಂಟಿತು. ವಾಸ್ತವವಾಗಿ ಇದು ಅಮೇರಿಕಾ ಖಂಡದ ಗಿಡ. 1877ರ ಸುಮಾರಿಗೆ ಆಂಗ್ಲರ ಆಡಳಿತದಲ್ಲಿ ಇದರ ಬೀಜವನ್ನು ತರಿಸಿ ಕಡಪಾ ಸೀಮೆಯ ಕಮಲಾಪುರದಲ್ಲಿ ಬೆಳೆಸಲಾಯಿತು. 1940ರಲ್ಲಿ ಜೋಧಪುರ ಸಂಸ್ಥಾನವು ಇದಕ್ಕೆ ರಾಜವೃಕ್ಷದ ಪಟ್ಟವನ್ನೇ ಕಟ್ಟಿತು. ಸ್ವರಾಜ್ಯ ಬಂದ ಮೇಲೂ ಬುದ್ಧಿ ಬರಲಿಲ್ಲ. 1960ರ ದಶಕದಲ್ಲಿ ಕಚ್ಛದ ಬನ್ನಿ ಹುಲ್ಲುಗಾವಲಿನಲ್ಲಿ ಅರಣ್ಯ ಇಲಾಖೆಯೇ ಇದನ್ನು ನೆಡಿಸಿತು, ಈಗ ಅಲ್ಲಿಯ ಹುಲ್ಲಿನ ದೊಡ್ಡ ಭಾಗವನ್ನು ಜಾಲಿ ನುಂಗಿದೆ. ಕೀನ್ಯಾ ದೇಶದ ಬರಿಂಗೋ ಪ್ರಾಂತದ ದನಗಾಹಿಗಳು ಇಂಥದೇ ಸರಕಾರೀ ಉಪಕಾರದಿಂದ ನೊಂದು 2006ರಲ್ಲಿ ತಮ್ಮ ಸರಕಾರದ ಮೇಲೆಯೇ ದಾವೆ ಹೂಡಿದರು. ಜಾಲಿಯ ಸಿಹಿಗಾಯಿ ತಿಂದು ಹಲ್ಲುದುರಿದ ಮೇಕೆಯೊಂದನ್ನು ನ್ಯಾಯಾಲಯಕ್ಕೆ ಸಾಕ್ಷಿಯಾಗಿ ಹೊಡೆದುಕೊಂಡು ಹೋದರು. ನಮ್ಮ ಕಚೇರಿಗಳಲ್ಲಿ ಅಂಥ ಮೇಕೆಗೆ ಒಳಗೆ ಬಿಡುವ ಚೀಟಿ ಸಿಕ್ಕುತ್ತಿತ್ತೋ ಇಲ್ಲವೋ!

ಹೀಗೆ ದೊರೆಗಳು ಬಿತ್ತಿದ್ದನ್ನು ಬಡವನು ತನ್ನ ಗಂಟಿನಿಂದ ಕೀಳಿಸಬೇಕೆಂದರೆ ಅದಾವ ಧರ್ಮ? ಕೀಳುವದೂ ಸುಲಭದ ಕೆಲಸವಲ್ಲ. ಕಡಿದು ಬುಡ ಬಿಟ್ಟರೆ ಅದು ಒಂದಕ್ಕೆ ಹತ್ತಾಗಿ ಚಿಗುರುವದು. ಬೇರುಸಹಿತ ತೆಗೆಯಲು ಯಂತ್ರ ಬೇಕು, ಯಂತ್ರಕ್ಕೆ ಬಾಡಿಗೆ ಬೇಕು. ಅಷ್ಟಾದರೂ, ಊರ ಕೆರೆಯಂಗಳವೂ ಗೋಮಾಳವೂ ಜಾಲಿಯಿಂದ ತುಂಬಿರುವ ವರೆಗೆ, ಅಲ್ಲಿ ಕಾಯಿ ಮೇದ ದನ ಕುರಿಗಳು ಬೀಜವನ್ನು ಸೆಗಣಿ ಹಿಕ್ಕೆಗಳಲ್ಲಿ ಮತ್ತೆ ಮನೆಬಾಗಿಲಿಗೆ ತರುವವು. ಈ ವರುಷ ಅಂಗಳ ಹಸನು ಮಾಡಿಸಿದ ವಿಧವೆಗೆ ಬರುವ ವರುಷ ಮತ್ತೊಂದು ನೋಟೀಸು.

ಆತುರದ ಆಜ್ಞೆಯ ಗತಿಯನ್ನು ನೆರೆಯ ತಮಿಳುನಾಡಿನಲ್ಲಿ ಕಂಡಿದ್ದೇವೆ. 2017ರಲ್ಲಿ ಮದ್ರಾಸ್ ಹೈಕೋರ್ಟಿನ ಮಧುರೆಯ ಪೀಠವು ದಕ್ಷಿಣದ ಜಿಲ್ಲೆಗಳಲ್ಲಿ ಜಾಲಿಯನ್ನು ನಿರ್ಮೂಲ ಮಾಡಲು ಕಟ್ಟಪ್ಪಣೆ ಮಾಡಿತು. ಕೆಲವೇ ತಿಂಗಳಲ್ಲಿ ಚೆನ್ನೈಯ ಪ್ರಧಾನ ಪೀಠವು ಆ ಕೆಲಸವನ್ನು ತಡೆಯಿತು. ರಾಮನಾಥಪುರದ ಕಡೆ ಈ ಮರದ ಇದ್ದಲು ಸುಟ್ಟು ಹೊಟ್ಟೆ ಹೊರೆಯುವ ಕುಟುಂಬಗಳೂ ಇವೆಯೆಂಬದನ್ನು ಮರೆಯಲಾಗದು.

ಆದ್ದರಿಂದ ನಿಯಮವು ವಸತಿಯ ಅಂಚಿಗೆ ಸೀಮಿತವಾಗಿರಲಿ, ಅಲ್ಲಿ ಮಾತ್ರ ಬಿಗಿಯಾಗಿರಲಿ. ಮನೆಯವನಿಗೆ ನೋಟೀಸು ಕೊಡುವ ಪಂಚಾಯತಿಯು ಅದೇ ಹಂಗಾಮಿನಲ್ಲಿ ತನ್ನ ಅಧೀನದ ಜಾಗವನ್ನೂ ಹಸನು ಮಾಡಿಸಬೇಕು. ಅಸಮರ್ಥರ ಅಂಗಳದ ಖರ್ಚನ್ನು ಸಾರ್ವಜನಿಕ ನಿಧಿಯೇ ಹೊರಬೇಕು. ಕಿತ್ತ ಕಟ್ಟಿಗೆಯನ್ನು ಗುತ್ತಿಗೆದಾರನಿಗೆ ಹರಾಜು ಹಾಕದೆ ಆ ಮನೆಯವರ ಒಲೆಗೇ ಬಿಟ್ಟುಕೊಡಬೇಕು.