ಪ್ರಶ್ನೆ ಕೇಳುವ ಮಕ್ಕಳ ಪಕ್ಕ ಕೂರುವವರು ಯಾರು?

ಮರಿಯಮ್ಮನ ಜನ್ಮದಿನವಾದ ಮೊಂತಿ ಹಬ್ಬಕ್ಕೆ ಮುಂಚಿನ ಒಂಬತ್ತು ದಿನ ಮಂಗಳೂರಿನ ಯಾವ ಇಗರ್ಜಿಗೆ ಹೋದರೂ ಪುಟ್ಟ ಮಕ್ಕಳದೇ ಓಡಾಟ. ಹೂ ತುಂಬಿದ ತಟ್ಟೆ ಹಿಡಿದು ಸಾಲಾಗಿ ಬಂದು ಬಾಲ ಮರಿಯಮ್ಮನ ಮೂರ್ತಿಗೆ ಹೂ ಅರ್ಪಿಸುತ್ತಾರೆ. ಸೆಪ್ಟೆಂಬರ್ 8ರಂದು ಕಬ್ಬು ಹಿಡಿದು ಮನೆಗೆ ಹೋಗುತ್ತಾರೆ. ತೆನೆಯ ಆಶೀರ್ವಾದ, ಹೊಸ ಅಕ್ಕಿಯ ಊಟ ಎಂದು ಹಿರಿಯರಿಗೂ ಕೈತುಂಬ ಕೆಲಸ. ಹದಿನೈದರ ಹುಡುಗ ಹುಡುಗಿಯರಿಗೆ ಮಾತ್ರ ಅಲ್ಲಿ ತಮ್ಮದೆನ್ನುವ ಜಾಗವಿಲ್ಲ. ಹೂ ಹಾಕುವ ವಯಸ್ಸು ಕಳೆದಿದೆ, ವಾರ್ಡಿನ ಗುರಿಕಾರರಾಗುವ ವಯಸ್ಸು ಬಂದಿಲ್ಲ. ಹಿಂದಿನ ಬಾಗಿಲ ಬಳಿ ನಿಂತವರನ್ನು ನಾವು "ಈಗಿನ ಮಕ್ಕಳಿಗೆ ಭಕ್ತಿಯಿಲ್ಲ" ಎಂದುಬಿಡುತ್ತೇವೆ.

ಸಂಘಟನೆಗಳಿಗೇನೂ ಬರವಿಲ್ಲ. ಪ್ರೌಢಶಾಲೆಯವರಿಗೆ ವೈ.ಸಿ.ಎಸ್., ದೊಡ್ಡವರಿಗೆ ಐ.ಸಿ.ವೈ.ಎಂ., ಭಾನುವಾರದ ದೊತೊರ್ನ್ (ಧರ್ಮೋಪದೇಶ) ತರಗತಿ, ಸಿ.ಎಸ್.ಐ. ಸಭೆಗಳಲ್ಲಿ ಸಂಡೇ ಸ್ಕೂಲು, ದೃಢೀಕರಣದ ಪಾಠ, ಯುವಜನ ಸಂಘ. 1834ರಲ್ಲಿ ಬಾಸೆಲ್ ಮಿಶನ್ ಇಲ್ಲಿ ಕಾಲಿಟ್ಟಿತು, 1880ರಲ್ಲಿ ಜೆಸ್ವಿತರು ಸಂತ ಅಲೋಶಿಯಸ್ ಕಾಲೇಜು ತೆರೆದರು; ಎಳೆಯರಿಗೆ ಕಲಿಸುವ ಕೆಲಸದಲ್ಲಿ ಈ ಊರಿನ ಕ್ರೈಸ್ತರು ಹಿಂದೆ ಬಿದ್ದವರಲ್ಲ. ಕಲಿಸುವವರು ಬೇಕಾದಷ್ಟಿದ್ದಾರೆ, ಕೂತು ಕೇಳಿಸಿಕೊಳ್ಳುವವರು ಕಡಿಮೆ. ಹದಿಹರೆಯದ ವಿಶ್ವಾಸ ಬೇರು ಬಿಡಬೇಕಾದರೆ, ಸಂಶಯ ಕೇಳಿ ಗಾಬರಿಯಾಗದ ಒಬ್ಬ ಹಿರಿಯ ಜೀವ ಹತ್ತಿರ ಇರಬೇಕು. ತಾನಿಲ್ಲದಿದ್ದರೆ ನಿಂತುಹೋಗುವಂಥ ಒಂದು ಕೆಲಸ ಆ ಮಗುವಿನ ಕೈಯಲ್ಲಿರಬೇಕು. ಶಿಬಿರ, ಸ್ಪರ್ಧೆ, ಬಹುಮಾನಗಳೆಲ್ಲ ಆಮೇಲಿನ ಮಾತು.

ಪಿಯುಸಿ ಓದುತ್ತಿದ್ದ ಒಬ್ಬಳು ಒಮ್ಮೆ ತರಗತಿ ಮುಗಿದ ಮೇಲೆ ಬೆಂಚು ಸರಿಸುತ್ತಾ, ನನ್ನ ಮುಖ ನೋಡದೆಯೇ ಕೇಳಿದಳು: "ಟೀಚರ್, ಅಜ್ಜಿಗೋಸ್ಕರ ಬಿಕರ್ನಕಟ್ಟೆಯ ಬಾಲ ಯೇಸುವಿಗೆ ನೊವೆನಾ ಮಾಡಿದೆವು. ಅಜ್ಜಿ ತೀರಿಕೊಂಡರು. ಪಕ್ಕದ ಮನೆಯವರೂ ಮಾಡಿದ್ದರು, ಅವರ ಅಜ್ಜ ಗುಣ ಆದರು. ಅದು ಹೇಗೆ?" 'ದೇವರ ಚಿತ್ತ' ಎಂಬ ಉತ್ತರ ನನ್ನ ನಾಲಿಗೆ ತುದಿಯಲ್ಲೇ ಇತ್ತು. ಹೇಳಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. "ಅಜ್ಜಿ ಹೇಗಿದ್ದರು?" ಎಂದು ಕೇಳಿದೆ. ಸಂಜೆ ತೇರ್ಸ್ (ಜಪಮಾಲೆ) ಹೇಳಿಸುತ್ತಿದ್ದದ್ದು ಅಜ್ಜಿಯೇ. ಮುಗಿದ ಮೇಲೆ ಮೊಮ್ಮಕ್ಕಳು ಕೈಮುಗಿದು ಬೆಸಾಂವ್ ಕೇಳುತ್ತಿದ್ದರು, ಅಜ್ಜಿ ಹಣೆ ಮುಟ್ಟಿ ಹರಸುತ್ತಿದ್ದರು. ಈಗ ಅಪ್ಪ ಬರುವುದು ತಡ, ತಮ್ಮನಿಗೆ ಟ್ಯೂಷನ್, ತೇರ್ಸ್ ನಿಂತುಹೋಗಿದೆ. ಅವಳು ದೇವರೊಡನೆ ವಾದಕ್ಕೆ ನಿಂತವಳಲ್ಲ. ಮನೆಯಿಂದ ಪ್ರಾರ್ಥನೆಯೇ ಎದ್ದುಹೋದ ನೋವು ಅದು. ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲವೆಂದೇ ಹೇಳಿದೆ. ಆಮೇಲೂ ಅವಳು ತುಂಬ ಹೊತ್ತು ಮಾತನಾಡಿದಳು.

ಪ್ರಶ್ನೆಗೆ ಬಾಗಿಲು ತೆರೆದರೆ ಮಕ್ಕಳು ಕೈತಪ್ಪುತ್ತಾರೆ ಎಂದು ಹಿರಿಯರು ಹೆದರುತ್ತಾರೆ. ಆ ಹೆದರಿಕೆ ಪ್ರೀತಿಯಿಂದಲೇ ಹುಟ್ಟಿದ್ದು, ಅದನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಯೇಸುವಿನ ಬಾಲ್ಯ ದಾಟಿದ ಮೇಲಿನ ಎಳೆವಯಸ್ಸಿನ ಬಗ್ಗೆ ಶುಭಸಂದೇಶಗಳು ಹೇಳುವ ಘಟನೆ ಒಂದೇ. ಲೂಕ ಬರೆದಿರುವ ಆ ಘಟನೆಯಲ್ಲಿ ಹನ್ನೆರಡರ ಹುಡುಗ ಜೆರುಸಲೇಮಿನ ದೇವಾಲಯದಲ್ಲಿ ಬೋಧಕರ ನಡುವೆ ಕೂತು ಕೇಳುತ್ತಾನೆ, ಪ್ರಶ್ನೆ ಹಾಕುತ್ತಾನೆ. ಅವನನ್ನು ಯಾರೂ ಎಬ್ಬಿಸಿ ಕಳಿಸಲಿಲ್ಲ. ಇಲ್ಲಿ ಕೇಳಲು ಬಿಡದಿದ್ದರೆ ಮಕ್ಕಳು ಕೇಳುವುದನ್ನು ಬಿಡುವುದಿಲ್ಲ, ಮೊಬೈಲಿನಲ್ಲಿ ಗುರುತಿಲ್ಲದವರನ್ನು ಕೇಳುತ್ತಾರೆ. ತನ್ನ ಬೆಂಚಿನಲ್ಲೇ ಕೂರುವ ಮುಸ್ಲಿಂ ಗೆಳತಿಯನ್ನು, ಹಿಂದೂ ಗೆಳೆಯನನ್ನು ದೇವರು ಏನು ಮಾಡುತ್ತಾನೆ ಎಂಬ ಪ್ರಶ್ನೆ ಮಂಗಳೂರಿನಂಥ ಊರಿನ ಹುಡುಗರಿಗೆ ಪುಸ್ತಕದ್ದಲ್ಲ, ಗೆಳೆತನದ್ದು.

ಈ ಊರಿಗೆ ಸಂಬಂಧಪಟ್ಟ ಒಂದು ಕುಟುಂಬದ ಕಥೆಯನ್ನು ಇಲ್ಲಿ ನೆನೆಯಬೇಕು. ಬಾಸೆಲ್ ಮಿಶನ್ನಿನ ಯೋಹಾನೆಸ್ ಹೆಸ್ಸೆ 1869ರಲ್ಲಿ ಮಂಗಳೂರಿಗೆ ಬಂದವರು, ಆರೋಗ್ಯ ಕೆಟ್ಟು ಕೆಲವೇ ವರ್ಷಗಳಲ್ಲಿ ಜರ್ಮನಿಗೆ ಮರಳಿದರು. ಅವರ ಪತ್ನಿ, ಮಲಯಾಳ ನಿಘಂಟಿನ ಹರ್ಮನ್ ಗುಂಡರ್ಟರ ಮಗಳು. ದೈವಭಕ್ತಿಯಲ್ಲಿ ಆ ಮನೆಗೆ ಕೊರತೆಯೇ ಇರಲಿಲ್ಲ. ಅವರ ಮಗ ಹರ್ಮನ್ ಹೆಸ್ಸೆ 1892ರಲ್ಲಿ, ಹದಿನಾಲ್ಕರ ವಯಸ್ಸಿನಲ್ಲಿ, ಮೌಲ್ಬ್ರೋನ್ ಸೆಮಿನರಿಯಿಂದ ಓಡಿಹೋದ. ತಂದೆತಾಯಿ ಹೆಸರಾಂತ ಪಾದ್ರಿಯೊಬ್ಬರ ಬಳಿಗೆ ಒಯ್ದರು, ಹುಡುಗ ಅಲ್ಲೇ ಪ್ರಾಣ ಕಳೆದುಕೊಳ್ಳಲು ಹೋದ. ಬಳಿಕ ಮಾನಸಿಕ ರೋಗಿಗಳ ಆಶ್ರಮದಲ್ಲಿ ಇಟ್ಟರು. ಮುಂದೆ ಆತ ದೊಡ್ಡ ಲೇಖಕನಾಗಿ 1946ರಲ್ಲಿ ನೊಬೆಲ್ ಪಡೆದದ್ದು ಸರಿ, ಆದರೆ 1892ರ ಆ ಹುಡುಗನಿಗೆ ಅದರಿಂದ ಏನೂ ಸಮಾಧಾನವಿಲ್ಲ. ಅಷ್ಟು ಭಕ್ತಿವಂತ ಮನೆಯವರು ಮಗನ ಸಂಕಟವನ್ನು ಹಟವೆಂದು ಓದಿದರೆಂದೇ ನನಗೆ ತೋರುತ್ತದೆ.

ಆದ್ದರಿಂದ ಯುವಜನರ ನಡುವೆ ಕೆಲಸ ಮಾಡುವವರು, ಪ್ರಾರ್ಥನೆಯ ಜೊತೆಗೆ ವೈದ್ಯರೂ ಬೇಕಾದ ಹೊತ್ತನ್ನು ಗುರುತಿಸಬೇಕು. ನಿದ್ದೆ, ಊಟ ಬಿಟ್ಟ ಮಗುವಿಗೆ ಬೈಬಲ್ ವಾಕ್ಯವೊಂದನ್ನೇ ಕೊಟ್ಟು ಕಳಿಸಬಾರದು. ಟೆಲಿ ಮಾನಸ್ ಸಹಾಯವಾಣಿ 14416 ಪ್ರತಿ ಇಗರ್ಜಿಯ ನೋಟೀಸ್ ಬೋರ್ಡಿನಲ್ಲಿ ಇರಲಿ. ಯಾರಿಗೂ ಹೇಳುವುದಿಲ್ಲ ಎಂಬ ಮಾತನ್ನು, ಜೀವಕ್ಕೆ ಅಪಾಯವಿದ್ದರೆ ಹೇಳಲೇಬೇಕಾಗುತ್ತದೆ ಎಂಬ ಮಾತಿನೊಂದಿಗೇ ಕೊಡಬೇಕು. ಮಾತುಕತೆ ನಾಲ್ಕು ಜನ ಕಾಣುವ ಜಾಗದಲ್ಲೇ ನಡೆಯಬೇಕು, ಅದರಲ್ಲಿ ರಿಯಾಯಿತಿ ಇಲ್ಲ.

ಇನ್ನು ಮಕ್ಕಳ ಕೈಗೆ ಕೊಡಬೇಕಾದ ಕೆಲಸದ ವಿಷಯ. 2018ರ ಅಕ್ಟೋಬರ್‌ನಲ್ಲಿ ರೋಮಿನಲ್ಲಿ ಯುವಜನರ ಕುರಿತೇ ಸಿನೊಡ್ ನಡೆಯಿತು. ಮರುವರ್ಷ ಪೋಪ್ ಫ್ರಾನ್ಸಿಸ್ 'ಕ್ರಿಸ್ತುಸ್ ವಿವಿತ್' ಪತ್ರದಲ್ಲಿ ಯುವಜನ ಸೇವೆಯನ್ನು ನಡೆಸಬೇಕಾದವರು ಯುವಜನರೇ ಎಂದರು. ನಮ್ಮಲ್ಲಿ ಅವರ ಪಾಲಿಗೆ ಬರುವುದು ಕುರ್ಚಿ ಹಾಕುವುದು, ಪಾನಕ ಹಂಚುವುದು. ಸಂತ ವಿನ್ಸೆಂಟ್ ಪಾವ್ಲ್ ಸಭೆಯವರು ಹಾಸಿಗೆ ಹಿಡಿದವರ ಮನೆಗೆ ಹೋಗುವಾಗ ಹದಿನಾರರ ಹುಡುಗನನ್ನು ಜೊತೆಗೆ ಕರೆದೊಯ್ಯಲಿ. ಒಂದು ಮನೆ ಅವನ ಜವಾಬ್ದಾರಿಯಾಗಲಿ. ಅವನು ಹೋಗದ ವಾರ ಆ ಅಜ್ಜ ಬಾಗಿಲು ನೋಡುತ್ತಾ ಕೂರುತ್ತಾರೆ ಎಂಬುದು ಅವನಿಗೆ ಗೊತ್ತಾಗಲಿ. ಬಡವರಲ್ಲಿ ಕ್ರಿಸ್ತನನ್ನು ಕಾಣಬೇಕೆಂದು ವರ್ಷಗಟ್ಟಲೆ ಕೇಳಿದ ಪಾಠ ಅಲ್ಲಿ ಅವನದಾಗುತ್ತದೆ.

ಸಮಯವೆಲ್ಲಿದೆ ಎನ್ನುತ್ತೀರಿ. ನಿಜ, ನೀಟ್, ಸಿಇಟಿ ಕೋಚಿಂಗ್ ಭಾನುವಾರವನ್ನೂ ನುಂಗಿದೆ, ಅದಕ್ಕೆ ಫೀಸು ಕಟ್ಟಿದವರು ನಾವೇ. ಪಿಯುಸಿ ಮುಗಿದರೆ ಬೆಂಗಳೂರು, ಆಮೇಲೆ ಗಲ್ಫೋ ಕೆನಡಾವೋ. ಮಕ್ಕಳು ನಮ್ಮ ಕಣ್ಣೆದುರಿಗಿರುವುದು ಇಷ್ಟೇ ವರ್ಷ. ಪಾಲನಾ ಮಂಡಳಿಗೆ ಮುಂದಿನ ಸಲ ಹೆಸರು ಆರಿಸುವಾಗ ಹದಿನಾರರ ಒಬ್ಬ ಹುಡುಗನನ್ನೂ ಒಬ್ಬ ಹುಡುಗಿಯನ್ನೂ ಮಾತನಾಡುವ ಹಕ್ಕಿನೊಡನೆ ಕೂರಿಸಿ, ಭಾನುವಾರದ ತರಗತಿ ಯಾವ ಹೊತ್ತಿಗಿರಬೇಕು, ಅಲ್ಲಿ ಏನು ನಡೆಯಬೇಕು ಎಂದು ಮೊದಲು ಅವರನ್ನೇ ಕೇಳೋಣ.