ಮೊಂಡು ಕುದುರೆ ಅಂತ ಬಯ್ಯುವ ಮುಂಚೆ...

ಬಾಡಿಗೆ ಕುದುರೆ ಹತ್ತಿ ಬಂದವರನ್ನ ಕೇಳಿ ನೋಡಿ. ಊಟಿಯಲ್ಲಿ ಹತ್ತಿರಲಿ, ಮಾಥೇರಾನಿನಲ್ಲಿ ಹತ್ತಿರಲಿ, ಇಲ್ಲಿ ಅಮೆರಿಕದ ಬೆಟ್ಟಗಳಲ್ಲೇ ಹತ್ತಿರಲಿ, ಗುಂಪಿನಲ್ಲಿ ಒಬ್ಬರಾದ್ರೂ ಈ ಮಾತು ಹೇಳೇ ಹೇಳ್ತಾರೆ: "ನಂಗೆ ಸಿಕ್ಕಿದ್ದು ಮೊಂಡು ಕುದುರೆ ಮಾರಾಯ್ರೆ. ಬೇರೆ ಕುದುರೆಗಳ ಬಾಲ ಬಿಟ್ಟು ಒಂದು ಹೆಜ್ಜೆ ಆಚೆ ಇಡಲ್ಲ ಅಂತು." ಕೇಳಿದವರು ನಗ್ತಾರೆ, ಕುದುರೆಗೆ ಕೆಟ್ಟ ಹೆಸರು ಬರುತ್ತೆ, ಮಾತು ಅಲ್ಲಿಗೆ ಮುಗಿಯುತ್ತೆ.

ನನ್ನ ತಕರಾರು ಇರೋದು ಆ 'ಮೊಂಡು' ಅನ್ನೋ ಪದದ ಮೇಲೆ. ಹಿಂಡು ಬಿಟ್ಟು ಬರಲ್ಲ ಅನ್ನೋ ಕುದುರೆ ಬಹುಪಾಲು ಹೆದರಿರುತ್ತೆ. ಅದನ್ನ ಹಟ ಅಂತ ಕರೆದ ಕೂಡಲೇ ನಮ್ಮ ಕೈಗೆ ಚಾಟಿ ಬರುತ್ತೆ, ಕಾಲಿಗೆ ಒದೆಯೋ ಧೈರ್ಯ ಬರುತ್ತೆ. ಹೆದರಿಕೆ ಅಂತ ಕರೆದ್ರೆ ಬೇರೆ ಏನಾದ್ರೂ ಯೋಚನೆ ಮಾಡಬೇಕಾಗುತ್ತೆ. ಅಷ್ಟು ವ್ಯತ್ಯಾಸ ಇದೆ ಒಂದು ಪದದಲ್ಲಿ.

ಇದನ್ನೆಲ್ಲ ಯಾಕೆ ಹೇಳ್ತಿದ್ದೀನಿ ಅಂದ್ರೆ, ಹೋದ ಬೇಸಿಗೆಯಲ್ಲಿ ನಾವು ಮೂರು ಕನ್ನಡದ ಮನೆಯವರು ಸೇರಿ ಕೊಲರಾಡೋದ ಎಸ್ಟೆಸ್ ಪಾರ್ಕ್ ಕಡೆ ಹೋಗಿದ್ವಿ. ಡೆನ್ವರ್‌ನಿಂದ ಒಂದೂವರೆ ಗಂಟೆ ದಾರಿ. ಮೂರು ಕಾರು, ಒಂದರ ಹಿಂದೆ ಒಂದು. ಮಧ್ಯದ ಕಾರು ಒಂದು ಸಿಗ್ನಲ್‌ನಲ್ಲಿ ಹಿಂದೆ ಬಿದ್ರೆ ಸಾಕು, "ಎಲ್ಲಿದ್ದೀರಾ, ಎಲ್ಲಿದ್ದೀರಾ" ಅಂತ ಫೋನು! (ಇದನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ :-))

ಅಲ್ಲಿ ಒಂದು ಕಡೆ ಟ್ರೇಲ್ ರೈಡ್ ಬುಕ್ ಮಾಡಿದ್ವಿ. ಪೈನ್ ಮರಗಳ ನಡುವೆ ಕಾಲುದಾರಿ, ಸುಮಾರು 7,500 ಅಡಿ ಎತ್ತರದಲ್ಲಿ ತಣ್ಣನೆ ಗಾಳಿ, ಸಾಲಾಗಿ ಒಂಬತ್ತು ಕುದುರೆಗಳು, ಮುಂದೊಬ್ಬ ಹಿಂದೊಬ್ಬ ಗೈಡ್. ನಾಲ್ಕು ಜನಕ್ಕೆ ಒಂದು ಗಂಟೆಯ ಸವಾರಿ, ಉಳಿದ ಐದು ಜನಕ್ಕೆ ಎರಡು ಗಂಟೆಯದ್ದು. ಅರ್ಧ ಗಂಟೆ ಎಲ್ಲ ಚೆನ್ನಾಗಿತ್ತು. ಆಮೇಲೆ ದಾರಿ ಕವಲೊಡೆಯಿತು.

ಸ್ನೇಹಿತನ ಮಗಳು, ಹತ್ತು ವರ್ಷದ ಹುಡುಗಿ, ಕೂತಿದ್ದ ಕುದುರೆ ಹೆಸರು ಬಿಸ್ಕೆಟ್. ಅದರ ಮುಂದೆ ಅಲ್ಲೀವರೆಗೂ ನಡೀತಿದ್ದ ಪೆಪ್ಪರ್ ಅನ್ನೋ ಕುದುರೆ ಬಲಕ್ಕೆ ಹೋಯ್ತು. ಬಿಸ್ಕೆಟ್ ಎಡಕ್ಕೆ ಹೋಗಬೇಕು. ನಾಲ್ಕು ಹೆಜ್ಜೆ ಹೋಗಿ ನಿಂತ. ತಲೆ ಎತ್ತಿ ಕೆನೆದ. ಆಚೆಯಿಂದ ಪೆಪ್ಪರ್ ಕೂಡಾ ಕೆನೆದ. ನಾನು ಹುಡುಗಿಯ ಹಿಂದಿನ ಕುದುರೆ ಮೇಲಿದ್ದೆ. ಬಿಸ್ಕೆಟ್ ಮೈ ಬಿಗಿಯಾಗಿದ್ದು, ಹೊಟ್ಟೆಯ ಹತ್ತಿರ ನಡುಕ ಬಂದಿದ್ದು ಕಣ್ಣಾರೆ ಕಂಡೆ. ಗೈಡ್ ಹಿಂದಿನಿಂದ ಕೂಗಿದ: "ಒದಿ, ಜೋರಾಗಿ ಒದಿ! ಯಜಮಾನ ಯಾರು ಅಂತ ತೋರಿಸು!"

ಪಾಪದ ಹುಡುಗಿ ಒದ್ದಳು. ಹೆದರಿಕೆಗೆ ಲಗಾಮನ್ನೂ ಎದೆಯವರೆಗೆ ಎಳೆದಳು. ಅಂದ್ರೆ ಆಕ್ಸಲರೇಟರ್ ಮತ್ತು ಬ್ರೇಕ್ ಎರಡನ್ನೂ ಒಟ್ಟಿಗೆ ತುಳಿದ ಹಾಗೆ. ಕುದುರೆ ಹೋಗೋದಾದ್ರೂ ಎಲ್ಲಿಗೆ? ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಡ್ತಾ ಇಳಿಜಾರಿನ ಅಂಚಿಗೆ ಬಂತು, ಗಕ್ಕನೆ ತಿರುಗಿ ಪೆಪ್ಪರ್ ಇದ್ದ ಕಡೆ ಓಡಿತು. ಮಗು ಜೀನಿನ ಮುಂಗೊಂಬನ್ನ ಅಪ್ಪಿ ಹಿಡಿದು ಉಳಿದುಕೊಂಡಳು. ಪೆಪ್ಪರ್ ಪಕ್ಕ ಹೋದ ಕೂಡಲೇ ಬಿಸ್ಕೆಟ್ ತಾನಾಗೇ ನಿಂತ, ಉಸ್ಸಂತ ಉಸಿರು ಬಿಟ್ಟ. ಆಗ ಬಂದ ಗೈಡು ಹಗ್ಗದ ತುದಿಯಿಂದ ಅದರ ಕುತ್ತಿಗೆಗೆ ಬಾರಿಸಿದ. ಎರಡೋ ಮೂರೋ ಸಲ.

"ಈಗ ಯಾಕೆ ಹೊಡೀತೀಯ, ಅದು ನಿಂತಿದೆಯಲ್ಲ" ಅಂದೆ. ಅವನ ಉತ್ತರ: "ಇವತ್ತು ಬಿಟ್ಟರೆ ನಾಳೆ ಬೇರೆ ಮಗು ಕೂತಾಗಲೂ ಹೀಗೇ ಮಾಡುತ್ತೆ."

ಎಲ್ಲರೂ ಒಂದು ಗಂಟೆಯ ದಾರಿಯಲ್ಲೇ ವಾಪಸ್ ಬಂದ್ವಿ. ಕಾರಿನಲ್ಲಿ ಸ್ನೇಹಿತ "ದರಿದ್ರ ಕುದುರೆ, ದುಡ್ಡೂ ಹೋಯ್ತು" ಅಂತ ಬಯ್ತಾ ಇದ್ರೆ, ಹಿಂದಿನ ಸೀಟಿನಿಂದ ಮಗಳು ಹೇಳಿದಳು: "ಅಪ್ಪಾ, ಅದು ನನ್ನ ಬೀಳಿಸ್ಲಿಲ್ಲ ಅಲ್ವಾ?"

ಈಗ ನನ್ನ ವಾದಕ್ಕೆ ಬರ್ತೀನಿ.

ಕುದುರೆ ಬೇಟೆಗೆ ತುತ್ತಾಗೋ ಪ್ರಾಣಿ. ಅದರ ಮೈಯೆಲ್ಲ ಆ ಲೆಕ್ಕದಲ್ಲೇ ರೂಪುಗೊಂಡಿದೆ. ತಲೆಯ ಎರಡು ಪಕ್ಕದಲ್ಲಿ ಕಣ್ಣು, ಸುಮಾರು 350 ಡಿಗ್ರಿ ನೋಟ. ನಿಂತಲ್ಲೇ ತೂಕಡಿಸಬಲ್ಲದು, ಆದ್ರೆ ಕನಸು ಬೀಳುವಂಥ ಗಾಢ ನಿದ್ದೆಗೆ ಮಲಗಲೇಬೇಕು. ಮಲಗಬೇಕಾದ್ರೆ ಇನ್ನೊಂದು ಕುದುರೆ ಎದ್ದು ಕಾಯ್ತಿರಬೇಕು. ಹಿಂಡು ಅಂದ್ರೆ ಕುದುರೆಗೆ ಬರೀ ಗೆಳೆತನ ಅಲ್ಲ, ಕಾವಲು. ಒಂಟಿ ಕುದುರೆ ಅಂದ್ರೆ ಕಾವಲಿಲ್ಲದ ಕುದುರೆ.

ಯಾವುದೋ ಒಂದು ಕುದುರೆ ಜೊತೆಗಿದ್ರೆ ಸಾಕು ಅಂತಾನೂ ಅಲ್ಲ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2009ರಲ್ಲಿ ಒಂದು ಪ್ರಯೋಗ ಪ್ರಕಟಿಸಿದ್ರು. ಒಂದು ಕುದುರೆಯ ಕಣ್ಮುಂದೆ ಅದರ ಹಿಂಡಿನ ಜೊತೆಗಾರನನ್ನ ನಡೆಸಿಕೊಂಡು ಹೋಗಿ ಮರೆ ಮಾಡ್ತಾರೆ. ಆಮೇಲೆ ಅಲ್ಲಿಂದ ಬೇರೊಂದು ಕುದುರೆಯ ಕೆನೆತವನ್ನ ಸ್ಪೀಕರಿನಲ್ಲಿ ಕೇಳಿಸ್ತಾರೆ. ಹೋಗಿದ್ದೊಬ್ಬ, ದನಿ ಇನ್ನೊಬ್ಬಂದು ಅಂತಾದಾಗ ಕುದುರೆಗಳು ಬೇಗ ತಿರುಗಿ, ಹೆಚ್ಚು ಹೊತ್ತು ಆ ಕಡೆ ನೋಡಿದವು. ಅಂದ್ರೆ ಯಾರು ಯಾರು ಅಂತ ಅವಕ್ಕೆ ರೂಪ ಮತ್ತು ದನಿ ಎರಡರಿಂದಲೂ ಗೊತ್ತು. ಬಿಸ್ಕೆಟ್‌ಗೆ ಬೇಕಾಗಿದ್ದು ಪೆಪ್ಪರೇ.

ನಮ್ಮೂರಲ್ಲಿ ಇದು ಹೊಸ ವಿಷಯವೇನಲ್ಲ. ಜೋಡಿ ಎತ್ತಿನಲ್ಲಿ ಒಂದನ್ನ ಮಾರಿದ ಮೇಲೆ ಇನ್ನೊಂದು ಮೇವು ಮುಟ್ಟದೆ ನಿಂತರೆ "ಜೋಡಿ ಹೋಯ್ತಲ್ಲ, ಪಾಪ" ಅಂತಾರೆಯೇ ಹೊರತು ಯಾರೂ ಮೊಂಡು ಎತ್ತು ಅನ್ನಲ್ಲ. ದುಡ್ಡು ಕೊಟ್ಟು ಗಂಟೆ ಲೆಕ್ಕದಲ್ಲಿ ಹತ್ತಿದಾಗ ಮಾತ್ರ ನಮಗೆ ಈ ಕನಿಕರ ಮರೆತುಹೋಗುತ್ತೆ.

ನನಗೆ ನಿಜವಾಗಿ ಸಿಟ್ಟು ಬರೋದು ಇಲ್ಲಿ: ಈ ಬಾಡಿಗೆ ಸವಾರಿಯ ವ್ಯಾಪಾರ ನಡೆಯೋದೇ ಕುದುರೆಯ ಇದೇ ಗುಣದ ಮೇಲೆ. ಜೀವನದಲ್ಲಿ ಕುದುರೆ ಮುಟ್ಟದವರನ್ನ ಕೂರಿಸಿ ಕಾಡಿಗೆ ಕಳಿಸೋದು ಹೇಗೆ ಸಾಧ್ಯ? ಪ್ರತಿ ಕುದುರೆಯೂ ಮುಂದಿನ ಬಾಲ ನೋಡ್ಕೊಂಡು ನಡೆಯುತ್ತೆ, ಅದಕ್ಕೆ. ನಾವು ಲಗಾಮು ಹಿಡಿದು ಏನೋ ಓಡಿಸ್ತಿದ್ದೀವಿ ಅಂದ್ಕೊಂಡಿರ್ತೀವಿ, ಕುದುರೆ ನಮ್ಮ ಮಾತು ಕೇಳ್ತಿರಲ್ಲ. ದಿನಾ ಅದೇ ದಾರಿ, ಅದೇ ಸಾಲು, ಅದೇ ಜೊತೆ. ಆ ಅಂಟು ಸಂಪಾದನೆ ತರುವಾಗ 'ಸಾಧು ಕುದುರೆ'. ಅದೇ ಅಂಟು ಕವಲುದಾರಿಯಲ್ಲಿ ಅಡ್ಡ ಬಂದಾಗ 'ಮೊಂಡು ಕುದುರೆ'. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಜೋಡಿ ನೋಡದೆ ಸಾಲು ಮುರಿದವರು ಕುದುರೆ ಡೊಂಕು ಅಂತಿದ್ದಾರೆ, ಅಷ್ಟೇ.

ಹಾಗಂತ ಗೈಡ್ ಹೇಳಿದ್ದನ್ನ ಪೂರ್ತಿ ತಳ್ಳಿಹಾಕೋ ಹಾಗಿಲ್ಲ. ತಿರುಗಿ ಓಡಿದ್ರೆ ನೆಮ್ಮದಿ ಸಿಗುತ್ತೆ ಅಂತ ಒಮ್ಮೆ ಕಲಿತ ಕುದುರೆ ಮತ್ತೆ ತಿರುಗುತ್ತೆ, ನಿಜ. 450 ಕೆಜಿ ತೂಗೋ ಪ್ರಾಣಿ ಹೀಗೆ ತಿರುಗಿದ್ರೆ ಮಕ್ಕಳ ಮೂಳೆ ಮುರಿಯುತ್ತೆ, ಅದೂ ನಿಜ. ಆದ್ರೆ ಹೊಡೆದದ್ದು ಯಾವಾಗ? ಕುದುರೆ ಶಾಂತವಾಗಿ ನಿಂತ ಮೇಲೆ. ಕುದುರೆಗೆ ಅರ್ಥ ಆಗೋದು ಆ ಕ್ಷಣದ ಪಾಠ ಮಾತ್ರ. ಅದು ಕಲಿತಿದ್ದು 'ನಿಂತರೆ ಏಟು ಬೀಳುತ್ತೆ' ಅಂತ. ನಾಳಿನ ಮಗುವಿಗೆ ಇದರಿಂದ ಅಪಾಯ ಹೆಚ್ಚಾಯ್ತೇ ಹೊರತು ಕಡಿಮೆ ಆಗಲಿಲ್ಲ.

ಸರಿಯಾದ ಪಾಠ ನಿಧಾನದ್ದು, ಅದನ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಕಲಿಸಬೇಕು. ಜೊತೆಗಾರನಿಂದ ಹತ್ತು ಹೆಜ್ಜೆ ದೂರ ಕರ್ಕೊಂಡು ಹೋಗೋದು, ಹೆದರೋ ಮುಂಚೆ ವಾಪಸ್ ತರೋದು. ನಾಳೆ ಇಪ್ಪತ್ತು ಹೆಜ್ಜೆ. ಹಿಂಡಿನ ಹತ್ತಿರ ಕೆಲಸ ಕೊಟ್ಟು, ದೂರದಲ್ಲಿ ವಿಶ್ರಾಂತಿ ಕೊಡೋದು. ಕಾಡುದಾರಿಯಲ್ಲಿ ಸಾಲಿನ ಹಿಂದಿನದನ್ನ ಮುಂದಕ್ಕೆ, ಮುಂದಿನದನ್ನ ಹಿಂದಕ್ಕೆ ಬದಲಾಯಿಸ್ತಾ ಇರೋದು. ಕುದುರೆ ಒಪ್ಪಿದ ತಕ್ಷಣ ಲಗಾಮಿನ ಎಳೆತ ಸಡಿಲಿಸೋದು. ಎಳೆತ ತಪ್ಪಿದಾಗಲೇ ಕುದುರೆ ಕಲಿಯೋದು.

ಇದೇನು ಹೊಸ ಕಾಲದ ನಾಜೂಕು ಅಂತೀರಾ? ಕ್ರಿಸ್ತಪೂರ್ವ 14ನೇ ಶತಮಾನದ ಆಸುಪಾಸಿನಲ್ಲಿ ಮಿತನ್ನಿಯ ಕಿಕ್ಕುಲಿ ಅನ್ನೋ ಕುದುರೆ ಪಳಗಿಸುವವ ಹೇಳಿದ ತರಬೇತಿ ಕ್ರಮ ಹಿಟ್ಟೈಟರ ಜೇಡಿಮಣ್ಣಿನ ಹಲಗೆಗಳಲ್ಲಿ ಉಳಿದಿದೆ. ದಿನದಿನವೂ ಎಷ್ಟು ದೂರ, ಎಷ್ಟು ಮೇವು, ಎಷ್ಟು ನೀರು ಅಂತ ತಿಂಗಳುಗಟ್ಟಲೆಯ ಲೆಕ್ಕ. ಅದರಲ್ಲಿ 'ಐಕ ವರ್ತನ್ನ', 'ತೇರ ವರ್ತನ್ನ', 'ಪಂಜ ವರ್ತನ್ನ' ಅಂತ ಸುತ್ತುಗಳ ಹೆಸರು ಬರುತ್ತೆ. ಏಕ, ತ್ರಿ, ಪಂಚ ಗೊತ್ತಿರೋ ನಮಗೆ ಅನುವಾದವೇ ಬೇಡ! ಹತ್ತಿರದ ಉದಾಹರಣೆ ಬೇಕಾದ್ರೆ ಮೈಸೂರು ದಸರಾ ಇದೆ. ಜಂಬೂ ಸವಾರಿಗೆ ಮುಂಚೆ ಆನೆಗಳ ಜೊತೆ ಪೊಲೀಸ್ ಅಶ್ವಾರೋಹಿ ದಳದ ಕುದುರೆಗಳನ್ನೂ ನಿಲ್ಲಿಸಿ ಫಿರಂಗಿ ಸದ್ದಿನ ತಾಲೀಮು ಕೊಡ್ತಾರೆ. ಹಬ್ಬದ ದಿನ ಬೆದರಿದ ಮೇಲೆ ಹೊಡೆದು ಪ್ರಯೋಜನ ಇಲ್ಲ ಅನ್ನೋ ತಿಳುವಳಿಕೆಯಿಂದ.

ಹತ್ತುವವರ ಪಾಲೂ ಇದೆ ಸ್ವಾಮಿ. ಸ್ವೀಡನ್ನಿನಲ್ಲಿ, ಅದೇ 2009ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗ: ಕುದುರೆ ನಡೆಸುವವರಿಗೂ ಸವಾರರಿಗೂ "ಈ ಸಲ ನೀವು ದಾಟುವಾಗ ಛತ್ರಿ ಬಿಚ್ಚುತ್ತೀವಿ" ಅಂತ ಹೇಳಿದ್ರು. ಛತ್ರಿ ಬಿಚ್ಚಲೇ ಇಲ್ಲ. ಆದ್ರೂ ಮನುಷ್ಯರ ಎದೆಬಡಿತ ಏರಿತು, ಜೊತೆಗೆ ಕುದುರೆಯದ್ದೂ ಏರಿತು. ನಮ್ಮ ಹೆದರಿಕೆ ಹೇಳದೇನೇ ಅದಕ್ಕೆ ತಲುಪುತ್ತೆ. ಹೆದರಿದ ಮಗುವಿಗೆ "ಒದಿ" ಅಂತ ಕೂಗೋದ್ರಿಂದ ಎರಡು ಹೆದರಿಕೆ ಒಟ್ಟಾಗುತ್ತೆ, ಅಷ್ಟೇ ಲಾಭ.

ಹಾಗಾಗಿ ಮುಂದಿನ ಸಲ ನೀವು ಕುದುರೆ ಹತ್ತೋಕೆ ಮುಂಚೆ ನಾಲ್ಕು ಪ್ರಶ್ನೆ ಕೇಳಿ ಅನ್ನೋದು ನನ್ನ ವಿನಂತಿ. ದಾರಿ ಮಧ್ಯೆ ಗುಂಪು ಒಡೀತೀರಾ? ಒಡೆಯೋದಾದ್ರೆ ಜೊತೆ ಬಿಟ್ಟಿರದ ಕುದುರೆಗಳನ್ನ ಒಂದೇ ಕಡೆ ಹಾಕಿದ್ದೀರಾ? ಈ ಕುದುರೆ ಒಂಟಿಯಾಗಿ ನಡೆದು ಅಭ್ಯಾಸ ಇದೆಯಾ? ಕುದುರೆ ಕೇಳದಿದ್ರೆ ಮಗು ಏನು ಮಾಡಬೇಕು? ಕೊನೆಯದಕ್ಕೆ "ಒದೀಬೇಕು" ಅಂತ ಮಾತ್ರ ಉತ್ತರ ಬಂದ್ರೆ ದುಡ್ಡು ವಾಪಸ್ ಜೇಬಿಗೆ ಹಾಕ್ಕೊಳ್ಳಿ. ಎರಡೂ ಲಗಾಮು ಜಗ್ಗದೆ ಒಂದು ಕಡೆಯದ್ದನ್ನ ಮೆಲ್ಲಗೆ ಎಳೆದು ಕುದುರೆಯನ್ನ ಸಣ್ಣ ಸುತ್ತು ತಿರುಗಿಸೋದನ್ನ, ಹೊರಡೋ ಮುಂಚೆ ಸಮತಟ್ಟಾದ ಜಾಗದಲ್ಲಿ ಹೇಳಿಕೊಡಬೇಕು. ಐದು ನಿಮಿಷದ ಕೆಲಸ.

ಹಿಂಡು ಬಿಟ್ಟು ಇರಲಾರದ ಜೀವ ಅಂತ ಕುದುರೆಯನ್ನ ಬೈಯೋ ಯೋಗ್ಯತೆ ನಮಗಂತೂ ಇಲ್ಲ. ಒಂದು ಸಿಗ್ನಲ್ ಹಿಂದೆ ಬಿದ್ದಿದ್ದಕ್ಕೆ ಮೂರು ಸಲ ಫೋನ್ ಮಾಡಿದವರು ನಾವು. ನಮ್ಮನ್ನ ಯಾರೂ ಹಗ್ಗದಲ್ಲಿ ಹೊಡೀಲಿಲ್ಲ.

ನಿಮ್ಮಲ್ಲಿ ಯಾರಾದ್ರೂ ಕುದುರೆ ಸಾಕಿದವರು, ಓಡಿಸಿದವರು ಇದ್ರೆ ನಿಮ್ಮ ಅನುಭವ ಬರೀರಿ. ಹೊಡೆಯದೇನೆ ಒಂಟಿ ನಡೆಯೋದನ್ನ ಕಲಿಸಿದವರಿದ್ರೆ ಇನ್ನೂ ಸಂತೋಷ, ಓದೋಕೆ ಕಾಯ್ತಿರ್ತೀನಿ.