ಲೇಸರ್ ಇರಲಿ, ಮೊದಲು ಕಕ್ಕಸು ಕೊಡಿ

ಬೆಂಗಳೂರಲ್ಲಿ ಎಲ್ಲಿ ನೋಡಿದ್ರೂ ಪೈಲ್ಸ್‌ಗೆ ಲೇಸರ್ ಅನ್ನೋ ಜಾಹೀರಾತು. ಲೇಸರ್ ಬಗ್ಗೆ ನನ್ನ ತಕರಾರಿಲ್ಲ. ಗಾಯ ಕಮ್ಮಿ, ನೋವೂ ಕಮ್ಮಿ. ಆದ್ರೆ ಮೂಲವ್ಯಾಧಿಯ 4 ಹಂತಗಳಲ್ಲಿ ಮೊದಲ 2ರಲ್ಲಿ ಇರೋ ಹೆಚ್ಚಿನವರಿಗೆ ಸೊಪ್ಪು-ಕಾಳು, ನೀರು, ಔಷಧಿ, ಬೇಕಾದ್ರೆ ರಬ್ಬರ್ ಬ್ಯಾಂಡ್ ಹಾಕಿಸಿಕೊಂಡ್ರೆ ಸಾಕು. ಜಾಹೀರಾತು ಇದನ್ನ ಯಾಕೆ ಹೇಳುತ್ತೆ?

ನಮ್ಮ ಪೌರಕಾರ್ಮಿಕ ಅಕ್ಕಂದಿರು ನಸುಕಲ್ಲಿ ಪೊರಕೆ ಹಿಡಿದರೆ ಎಷ್ಟೋ ಬೀದಿಗಳಲ್ಲಿ ಶೌಚಕ್ಕೆ ಜಾಗವಿಲ್ಲ. ಅದಕ್ಕೇ ನೀರು ಕುಡಿಯಲ್ಲ, ಬಂದರೂ ತಡ್ಕೋತಾರೆ. ಮಲಬದ್ಧತೆ, ತಿಣುಕಾಟ, ಮೂಲವ್ಯಾಧಿ. ಸಾಲ ಮಾಡಿ ಲೇಸರ್ ಮಾಡಿಸಿದ್ರೂ ಮತ್ತೆ ಅದೇ ಬೀದಿ. ಊರಿನ ಹೊಲಸು ಎತ್ತೋರಿಗೇ ಕಕ್ಕಸಿಲ್ಲ. ಜಾತಿ ಅಂದ್ರೆ ಇದೇ ಕಣ್ರೀ.

ಅಕ್ಕ, ರಕ್ತ ಬಂದ್ರೆ ನಾಚಿಕೊಂಡು ಮುಚ್ಚಿಡಬೇಡಿ. ಕ್ಯಾನ್ಸರ್‌ನಲ್ಲೂ ರಕ್ತ ಬರುತ್ತೆ, ಸರ್ಕಾರಿ ಆಸ್ಪತ್ರೆ ಸರ್ಜನ್‌ಗೆ ತೋರಿಸಿ. ಸಂಘದ ಗೆಳೆಯರೇ, ಮುಂದಿನ ಮನವಿಯಲ್ಲಿ ಸಂಬಳದ ಜೊತೆಗೆ ಪ್ರತಿ ಮಸ್ಟರಿಂಗ್ ಸೆಂಟರ್‌ಗೂ ಶೌಚಾಲಯ ಅಂತ ಬರೀರಿ. ಜೈ ಭೀಮ್.